ಮೂರು ಸೀಮೆಯ ಕನ್ನಡಕ್ಕೆ ಒಂದೇ ಪ್ರಾಸ: ಅತಿಥಿ ರ‍್ಯಾಪರ್ ಜೊತೆಗಿನ ನಮ್ಮ ಹಾಡು

ನಮ್ಮದು ರ‍್ಯಾಪ್ ಹಾಡುವ ಇಬ್ಬರ ಜೋಡಿ. ನಾನು ಧಾರವಾಡದವನು, ನನ್ನ ಜೊತೆಗಾರ ಮಂಡ್ಯದವನು. ಓದುವ ಕಾಲದಲ್ಲಿ ಧಾರವಾಡದ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದಾಗ ಕೂಡಿದ ಜೋಡಿ ಇದು. ಹೋದ ವರ್ಷ ಮಂಗಳೂರು ಕಡೆಯ ಒಬ್ಬ ಹಿರಿಯ ರ‍್ಯಾಪರ್ ಅವರನ್ನು ಅತಿಥಿಯಾಗಿ ಕರೆದು ಮಾಡಿದ ಹಾಡು, ನಾವು ಈವರೆಗೆ ಮಾಡಿದ ಹನ್ನೊಂದರಲ್ಲಿ ಅತಿ ಹೆಚ್ಚು ಜನ ಕೇಳಿದ ಹಾಡಾಗಿದೆ. ಮೂವರ ಪದ್ಯಗಳನ್ನೂ ಆದಿಪ್ರಾಸದಲ್ಲಿ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದುವಂತೆ, ಕಟ್ಟುತ್ತೇವೆ ಎಂದು ಹೇಳಿದಾಗ, ಬೀಟ್ (ರ‍್ಯಾಪಿನ ಹಿನ್ನೆಲೆ ಸಂಗೀತ) ಮಾಡುವ ಗೆಳೆಯರು ‘ಇದೇನು ಹೈಸ್ಕೂಲಿನ ಛಂದಸ್ಸಿನ ಪಾಠವೇ’ ಎಂದು ಕೇಳಿದ್ದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ವಿಚಾರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಅತಿಥಿಗಳ ಜೊತೆ ಮಾಡಿದ ಎರಡು ಹಾಡುಗಳು ಸೋತಿದ್ದವು. ಮೊದಲನೆಯದಕ್ಕೆ ಸುಮಾರು ಎರಡೂವರೆ ಸಾವಿರ ಕೊಟ್ಟು ಲೀಸ್‌ಗೆ ಬೀಟ್ ತೆಗೆದುಕೊಂಡಿದ್ದೆವು. ಅದೇ ಬೀಟನ್ನು ಲೀಸ್ ಪಡೆದ ಇನ್ನಾರೋ ತಮ್ಮ ಹಾಡನ್ನು ಕಂಟೆಂಟ್ ಐಡಿಗೆ (ಒಂದೇ ಧ್ವನಿ ಇರುವ ವಿಡಿಯೊಗಳನ್ನು ಹುಡುಕಿ ಹಕ್ಕು ಸಾಧಿಸುವ ಯೂಟ್ಯೂಬ್ ವ್ಯವಸ್ಥೆ) ಸೇರಿಸಿಬಿಟ್ಟಿದ್ದರು. ನಮ್ಮ ಹಾಡಿನ ಮೇಲೆ ಕ್ಲೇಮ್ ಬಂದು, ಬಿಡಿಸಿಕೊಳ್ಳುವಷ್ಟರಲ್ಲಿ ಮೂರು ತಿಂಗಳು ಕಳೆದು, ಬರಬೇಕಾದ ಅಲ್ಪಸ್ವಲ್ಪ ಹಣವೂ ಕೈತಪ್ಪಿತು. ಎರಡನೆಯದರಲ್ಲಿ ಅತಿಥಿಗೆ ಹತ್ತು ಸಾವಿರ ಮುಂಗಡ ಕೊಟ್ಟು ಬೀಟ್ ಕಳುಹಿಸಿದೆವು. ಆತ ತನ್ನ ಊರಿನಲ್ಲೇ ಕುಳಿತು ಹದಿನಾರು ಬಾರ್ (ನಾಲ್ಕು ಪೆಟ್ಟಿನ ಒಂದು ಸುತ್ತು) ರೆಕಾರ್ಡ್ ಮಾಡಿ ಕಳುಹಿಸಿದ. ಅದು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಧ್ವನಿಯನ್ನು ಅಳೆದಿಡುವ ವೇಗ) ಫೈಲ್ ಆಗಿತ್ತು, ನಮ್ಮ ಪ್ರಾಜೆಕ್ಟ್ 44.1ರಲ್ಲಿತ್ತು. ನಾನು ಪರಿವರ್ತಿಸದೆ ನೇರವಾಗಿ ಎಳೆದು ಹಾಕಿದ್ದರಿಂದ ಧ್ವನಿ ಒಂದೂವರೆ ಸೆಮಿಟೋನಿನಷ್ಟು (ಅರ್ಧಸ್ವರ) ಕೆಳಗಿಳಿದು, ತಾಳ ಹಿಂದೆ ಬೀಳುತ್ತಾ ಹೋಯಿತು. ಕಾರಣ ತಿಳಿಯದೆ ಎರಡು ರಾತ್ರಿ ಒಂದೊಂದೇ ಬಾರ್ ಕತ್ತರಿಸಿ ಜೋಡಿಸಿದೆ. ಕೊನೆಗೆ ಅದು ಸರಿಹೋಯಿತು, ಆದರೆ ಹಾಡು ಸರಿಹೋಗಲಿಲ್ಲ, ಏಕೆಂದರೆ ನಮ್ಮ ಪದ್ಯ ಒಂದು ಕಡೆ, ಅವನ ಪದ್ಯ ಇನ್ನೊಂದು ಕಡೆ ನಿಂತಿತ್ತು. ಕೇಳಿದವರೆಲ್ಲ ಎರಡು ಹಾಡು ಅಂಟಿಸಿದ ಹಾಗಿದೆ ಎಂದರು, ಮತ್ತು ಅವರ ಮಾತು ನಿಜವಾಗಿತ್ತು.

ಯಾಕೆ ಹಾಗಾಯಿತು ಎಂದು ಯೋಚಿಸುವಾಗ ನನಗೆ ಒಂದು ವಿಷಯ ಹೊಳೆಯಿತು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನಾವೆಲ್ಲರೂ ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುತ್ತೇವೆ. ಕನ್ನಡದಲ್ಲಿ ಸಾಲಿನ ಕೊನೆಗೆ ಬರುವುದು ಹೆಚ್ಚಾಗಿ ಕ್ರಿಯಾಪದ, ಮತ್ತು ಸೀಮೆಯಿಂದ ಸೀಮೆಗೆ ಹೆಚ್ಚು ಬದಲಾಗುವುದೂ ಆ ಬಾಲವೇ. ನಾನು ‘ಐತಿ’ ಎನ್ನುತ್ತೇನೆ, ಮಂಡ್ಯದವನು ‘ಐತೆ’ ಎನ್ನುತ್ತಾನೆ, ಮಂಗಳೂರಿನವರು ‘ಉಂಟು’ ಎನ್ನುತ್ತಾರೆ. ಮೂವರೂ ಅಂತ್ಯಪ್ರಾಸಕ್ಕೆ ಕಟ್ಟುಬಿದ್ದರೆ ಒಬ್ಬರು ತಮ್ಮ ನುಡಿಯನ್ನು ಬಿಡಬೇಕು, ಇಲ್ಲವೇ ಪ್ರಾಸ ಮುರಿಯಬೇಕು. ಪದದ ತಲೆ ಮಾತ್ರ ಮೂರು ಕಡೆಯೂ ಬಹುಮಟ್ಟಿಗೆ ಒಂದೇ: ಕಟ್ಟು ಕಟ್ಟೇ, ಹುಟ್ಟು ಹುಟ್ಟೇ. ನಮ್ಮ ಹಳೆಯ ಕವಿಗಳು ಎರಡನೆಯ ಅಕ್ಷರಕ್ಕೆ ಪ್ರಾಸ ಇಟ್ಟಿದ್ದು ನಮ್ಮ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಆರು ಬಗೆಯ ಪ್ರಾಸದಲ್ಲಿ ನಾವು ಹಯಪ್ರಾಸವನ್ನೇ ಹಿಡಿದೆವು, ಅಂದರೆ ಎರಡನೆಯ ಅಕ್ಷರ ಸಜಾತೀಯ ಒತ್ತಕ್ಷರ, ಅದೇ ವ್ಯಂಜನಕ್ಕೆ ಅದೇ ಒತ್ತು. ‘ಟ್ಟ’ ಎನ್ನುವಾಗ ನಾಲಿಗೆ ಒಂದು ಕ್ಷಣ ತಡೆದು ಬಿಡುತ್ತದೆ, ಅದು ಮೈಕಿನಲ್ಲಿ ಡ್ರಮ್ಮಿನ ಏಟಿನಂತೆಯೇ ಕೇಳುತ್ತದೆ. ಮಾತ್ರೆಗೆ (ಅಕ್ಷರ ನುಡಿಯುವ ಕಾಲದ ಅಳತೆ; ಲಘುವಿಗೆ ಒಂದು, ಗುರುವಿಗೆ ಎರಡು) ಮಂದಾನಿಲ ರಗಳೆಯ ನಡೆ, ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಒಟ್ಟು 16. ಒಂದು ಬಾರ್‌ನಲ್ಲಿ ಇರುವ ಹದಿನಾರನೇ ಒಂದು ಪಾಲಿನ ನೋಟುಗಳೂ ಅಷ್ಟೇ. ಟೆಂಪೊ ನಿಮಿಷಕ್ಕೆ 88 ಪೆಟ್ಟು. ಮೂವರ ಪದ್ಯಗಳಿಂದ ಒಂದೊಂದು ಸಾಲು:

ಕಟ್ಟಿದ ಕೌದ್ಯಾಗ್ ದನಿ ಕುಂತೈತಿ
ಹುಟ್ಟಿದ ಮಾತಿಗೆ ಹಲಗೇಟೈತೆ
ಬಿಟ್ಟರೆ ಕಡಲಿಗೆ ಹೋಗುವುದುಂಟು

ಕೊನೆಯ ಲಘುವನ್ನು ಎಳೆದರೆ ಲೆಕ್ಕ ಸರಿಯಾಗುತ್ತದೆ. ಆದರೆ ಸಾಲನ್ನು ಬಾರ್‌ನ ಮೊದಲ ಪೆಟ್ಟಿಗೇ ಎತ್ತಿಕೊಂಡಾಗ ಹಾಡು ಮಗ್ಗಿ ಒಪ್ಪಿಸಿದಂತೆ ಕೇಳುತ್ತಿತ್ತು, ಒಂದು ತಿಂಗಳು ಅದರಲ್ಲೇ ಹೋಯಿತು. ಸಾಲನ್ನು ಎರಡು ಮಾತ್ರೆ ಮುಂಚೆ ಎತ್ತಿಕೊಂಡು ‘ಟ್ಟ’ ಸರಿಯಾಗಿ ಕಿಕ್ (ಡ್ರಮ್ಮಿನ ದಪ್ಪ ಏಟು) ಮೇಲೆ ಬೀಳುವಂತೆ ಮಾಡಿದ ದಿನ, ನನ್ನ ಜೊತೆಗಾರ ಹೆಡ್‌ಫೋನ್ ತೆಗೆದಿಟ್ಟು ‘ಇದೇ ಕಣೋ, ಇದೇ’ ಎಂದ. ಅಲ್ಲಿಂದ ನನಗೆ ಸಂದೇಹ ಉಳಿಯಲಿಲ್ಲ.

ಬೀಟನ್ನು ಈ ಸಲ ಕೊಳ್ಳಲಿಲ್ಲ. ಹೋಳಿ ಹುಣ್ಣಿಮೆಗೆ ಹಲಗಿ ಬಾರಿಸುವ ಇಬ್ಬರನ್ನು ಕರೆಸಿ, ಹಿತ್ತಲಲ್ಲಿ ಚರ್ಮ ಕಾಯಿಸಿ, ಒಂದು ಸಾದಾ ಡೈನಮಿಕ್ ಮೈಕಿನಲ್ಲಿ ತುಂಬಿಕೊಂಡೆವು. ಬಿಸಿ ಆರಿದಂತೆ ಹಲಗಿಯ ಶ್ರುತಿ ಇಳಿಯುವುದರಿಂದ ಐದಾರು ನಿಮಿಷಕ್ಕೊಮ್ಮೆ ಮತ್ತೆ ಬೆಂಕಿಗೆ ಹಿಡಿಯಬೇಕಾಯಿತು. ಆ ಏಟುಗಳನ್ನು ಕಿಕ್ ಜೊತೆ ಹೇಗೆ ಕೂಡಿಸಿದೆವು ಎಂಬುದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಅತಿಥಿಯನ್ನು ಈ ಬಾರಿ ಮನೆಗೇ ಕರೆಸಿಕೊಂಡೆವು. ಪದ್ಯ ಬರೆದುಕೊಂಡು ಬರಬೇಡಿ, ‘ಟ್ಟ’ ಇರುವ ಪದಗಳನ್ನಷ್ಟೇ ಗುರುತು ಹಾಕಿಕೊಂಡು ಬನ್ನಿ ಎಂದು ಕೇಳಿಕೊಂಡಿದ್ದೆವು. ಅವರು ಸುಮಾರು ನಲವತ್ತು ಪದಗಳ ಹಾಳೆಯೊಂದಿಗೆ ರಾತ್ರಿ ಬಸ್ಸಿನಲ್ಲಿ ಬಂದರು. ನಮ್ಮ ರೆಕಾರ್ಡಿಂಗ್ ಕೋಣೆ ಎಂದರೆ ಆರಡಿ ಅಗಲದ ಜಾಗ. ಮೂರು ಕಡೆ ಹಗ್ಗ ಕಟ್ಟಿ ಅಜ್ಜಿ ಹೊಲಿದ ಕೌದಿಗಳನ್ನು ಎರಡೆರಡು ಪದರವಾಗಿ ಇಳಿಬಿಟ್ಟಿದ್ದೇವೆ. ಹಳೆಯ ಸೀರೆಗಳ ಆ ದಪ್ಪಕ್ಕೆ ಗೋಡೆಯ ಮಾರ್ದನಿ ಸಾಕಷ್ಟು ತಗ್ಗುತ್ತದೆ, ನಾವು ಮೊದಲು ನಾಲ್ಕು ಸಾವಿರ ಕೊಟ್ಟು ತಂದ ತೆಳು ಫೋಮ್ ಅಷ್ಟು ಕೆಲಸ ಮಾಡಿರಲಿಲ್ಲ. ಫ್ಯಾನ್ ನಿಲ್ಲಿಸಿದ್ದರಿಂದ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಆರನೆಯ ಟೇಕ್ ಚೆನ್ನಾಗಿ ಸಾಗುತ್ತಿದ್ದಾಗ ಪಕ್ಕದ ಮನೆಯ ಕುಕ್ಕರ್ ಕೂಗಿತು. ಏಳನೆಯದರ ನಡುವೆ ಅವರೇ ನಿಲ್ಲಿಸಿ, ‘ನಿಮ್ಮ ಲೆಕ್ಕ ಎಲ್ಲ ಸರಿ ಮಾರಾಯ್ರೆ, ಆದರೆ ನನಗೆ ಉಂಟು ಬಿಟ್ಟು ಹಾಡ್ಲಿಕ್ಕೆ ಬರುವುದಿಲ್ಲ’ ಎಂದರು. ‘ಬಿಡ್ಬೇಡಿ ಅಣ್ಣ, ಅದಕ್ಕೇ ನಿಮ್ಮನ್ನ ಕರೆದಿರೋದು’ ಎಂದ ನನ್ನ ಜೊತೆಗಾರ. ಹಾಡಿನಲ್ಲಿ ಉಳಿದಿರುವುದು ಅದರ ಮುಂದಿನ ಟೇಕ್.

ಅವರು ಯಕ್ಷಗಾನದ ಪದ್ಯ ಕೇಳಿ ಬೆಳೆದವರು. ಆದ್ದರಿಂದ ಆ ಸಂಜೆ ಆರು ಸಾಲಿನ ಭಾಮಿನಿ ಷಟ್ಪದಿಯನ್ನೂ ಬೀಟ್ ಮೇಲೆ ಹಾಕಿ ನೋಡೋಣ ಎನಿಸಿತು. ಗದುಗಿನ ಕುಮಾರವ್ಯಾಸ ಆಳಿದ ಛಂದಸ್ಸು, ನಮ್ಮ ಊರಿಗೆ ದೂರದ್ದೂ ಅಲ್ಲ. ಮೂರು ನಾಲ್ಕರ ನಡೆಯ 14 ಮಾತ್ರೆಯ ಸಾಲಿಗೆ ಎರಡು ಮಾತ್ರೆ ಉಸಿರು ಸೇರಿಸಿದರೆ ಒಂದು ಬಾರ್ ತುಂಬುತ್ತದೆ, ಮೊದಲ ಎರಡು ಸಾಲು ಸೊಗಸಾಗಿ ಕೂತವು. ಮೂರನೆಯ ಸಾಲಿಗೆ 23 ಮಾತ್ರೆ. ಎರಡು ಬಾರ್‌ಗೆ ಹರಡಿದರೆ ಒಂಬತ್ತು ಮಾತ್ರೆ ಖಾಲಿ ಉಳಿಯುತ್ತದೆ. ಅಲ್ಲಿ ಹಲಗಿಯನ್ನು ಒಂಟಿಯಾಗಿ ಬಿಟ್ಟು ನೋಡಿದೆವು, ಕೇಳಲು ಚೆಂದವಿತ್ತು, ಆದರೆ ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಬರುವ ಹೊತ್ತಿಗೆ ಓಟ ಕಳೆದುಹೋಗುತ್ತಿತ್ತು. ಆ ಭಾಗವನ್ನು ಎತ್ತಿಟ್ಟಿದ್ದೇವೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಅತಿಥಿಗೆ ಹನ್ನೆರಡು ಸಾವಿರ, ಬಸ್ಸು ಊಟಕ್ಕೆ ಒಂದೂವರೆ, ಹಲಗಿಯವರಿಗೆ ಒಬ್ಬೊಬ್ಬರಿಗೆ ಮೂರು ಸಾವಿರ, ಮಿಕ್ಸ್ ಮತ್ತು ಮಾಸ್ಟರ್‌ಗೆ ಹದಿನಾಲ್ಕು, ಒಂದು ದಿನದ ವಿಡಿಯೊಗೆ ಇಪ್ಪತ್ತೆರಡು, ಪೋಸ್ಟರ್ ಇತ್ಯಾದಿಗೆ ಎರಡು. ಒಟ್ಟು 58 ಸಾವಿರದ ಆಸುಪಾಸು. ಸ್ಟ್ರೀಮಿಂಗ್‌ನಿಂದ ಈವರೆಗೆ ಬಂದದ್ದು ಒಂಬತ್ತು ಹತ್ತು ಸಾವಿರವಷ್ಟೇ. ಹಾಕಿದ ಖರ್ಚು ವಾಪಸ್ ಬಂದದ್ದು ಕಾರ್ಯಕ್ರಮಗಳಿಂದ: ಹಾಡು ಬಂದ ನಾಲ್ಕು ತಿಂಗಳಲ್ಲಿ ನಾಲ್ಕು ಕಡೆ ಕರೆದರು, ಒಂದೊಂದಕ್ಕೆ ಇಪ್ಪತ್ತು ಸಾವಿರದಂತೆ ಸಿಕ್ಕಿತು. ಹಲಗಿಯವರನ್ನು ಎರಡು ಕಡೆ ಜೊತೆಗೆ ಕರೆದೊಯ್ದೆವು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೈಕ್ ಹಚ್ಚುವ ಮೊದಲೇ ಒಂದು ಹಾಳೆಯಲ್ಲಿ ಸಾಹಿತ್ಯದ ಪಾಲು ಯಾರಿಗೆ ಎಷ್ಟು ಎಂದು ಬರೆದು ಮೂವರೂ ಸಹಿ ಹಾಕಿದೆವು, ಮೂವರಿಗೂ ಸಮಪಾಲು. ಹಾಡು ಬರೆದವರ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಹಾಡನ್ನು ನೋಂದಾಯಿಸುವಾಗ ಅದೇ ಹಾಳೆಯ ಪ್ರಕಾರ ತುಂಬಿದೆವು. ಹಿಂದೆ ಬಾಯಿಮಾತಿನಲ್ಲಿ ನಡೆಸಿ ಒಂದು ಗೆಳೆತನವನ್ನೇ ಕಳೆದುಕೊಂಡಿದ್ದೇನೆ, ಆ ನೋವು ಇನ್ನೂ ಆರಿಲ್ಲ.

ಮುಂದಿನ ಹಾಡಿಗೂ ಅವರೇ ಬರುತ್ತಾರೆ. ಈ ಸಲ ಅಕ್ಷರವನ್ನು ಅವರೇ ಆರಿಸಿ ಕಳುಹಿಸಿದ್ದಾರೆ, ‘ಳ್ಳ’. ನಾನು ಹಳ್ಳ, ಮುಳ್ಳು, ಬೆಳ್ಳಿಯಿಂದ ಶುರುಮಾಡಿ ಇಪ್ಪತ್ತಾರು ಪದ ಬರೆದಿಟ್ಟಿದ್ದೇನೆ, ಮಂಡ್ಯದವನ ಹಾಳೆ ಇನ್ನೂ ಬರಬೇಕು.