ಮೂರು ಕುರ್ಚಿಯಿಂದ ಒಂದು ಕುರ್ಚಿಗೆ

ಅಜ್ಜಿಯನ್ನು ನಾನು ಮೊದಲು ನೋಡಿದಾಗ ಅವರು ಮನೆಗೆ ಬಂದು ಒಂಬತ್ತು ದಿನ ಆಗಿತ್ತು. ಒಂಬತ್ತು ದಿನವೂ ಮಂಚದ ಮೇಲೇ. ಇಂಥವರ ಮನೆಗೆ ಹೋಗಿ ಮತ್ತೆ ಎದ್ದು ನಡೆಯುವ ಹಾಗೆ ಮಾಡಿಸೋದು ನನ್ನ ಕೆಲಸ. ಮಂಡ್ಯದಿಂದ ಸ್ಕೂಟರಿನಲ್ಲಿ ಅರ್ಧ ಗಂಟೆ, ವಿ.ಸಿ. ನಾಲೆ ಪಕ್ಕದ ಊರು. ವಯಸ್ಸು 76. ಸೊಂಟದ ಮೂಳೆ ಮುರಿದು ಮೈಸೂರಿನಲ್ಲಿ ಆಪರೇಷನ್ ಆಗಿ, ಅಲ್ಲೇ ಒಂದು ಆರೈಕೆ ಕೇಂದ್ರದಲ್ಲಿ 35 ದಿನ ಇದ್ದು ಬಂದಿದ್ದರು. ಕೇಂದ್ರದವರ ಚೀಟಿಯಲ್ಲಿ ‘ವಾಕರ್ ಹಿಡಿದು ಸ್ವತಂತ್ರವಾಗಿ ನಡೆಯುತ್ತಾರೆ’ ಅಂತ ಬರೆದಿತ್ತು.

ಸುಳ್ಳೇನಲ್ಲ, ಅಲ್ಲಿ ನಡೆಯುತ್ತಿದ್ದರು. ಟೈಲ್ಸ್ ನೆಲ, ಗೋಡೆಗೆ ಕಂಬಿ, ಎತ್ತರದ ಮಂಚ, ಪಕ್ಕದಲ್ಲೇ ಕಮೋಡು. ಇಲ್ಲಿ ಗೇಣೆತ್ತರದ ಹೊಸ್ತಿಲು, ತಗ್ಗು ಮಂಚ, ಎರಡು ಮೆಟ್ಟಿಲು ಇಳಿದರೆ ಹಿತ್ತಲಲ್ಲಿ ಬಚ್ಚಲು. ವಾಕರ್ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಿತ್ತು. ಅದರ ಮೇಲೆ ಟವೆಲ್ ಒಣಗುತ್ತಿತ್ತು.

‘ಇನ್ನೊಂದು ತಿಂಗಳು ಅಲ್ಲೇ ಬಿಡಬೇಕಿತ್ತಾ ಮೇಡಂ?’ ಅಂತ ಮಗ ಕೇಳಿದರು. ಬಿಡೋಕೆ ದುಡ್ಡೂ ಉಳಿದಿರಲಿಲ್ಲ. ಅಮೆರಿಕದಲ್ಲಿ ಇಂಥ ಜಾಗಕ್ಕೆ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ ಅಂತಾರೆ. ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರಿಗೆ ಅಲ್ಲಿ ಮೆಡಿಕೇರ್ ಅನ್ನೋ ವಯಸ್ಸಾದವರ ಸರ್ಕಾರಿ ವಿಮೆ 100 ದಿನದವರೆಗೆ ನೆರವು ಕೊಡುತ್ತದೆ, ಮೊದಲ 20 ದಿನ ಪೂರ್ತಿ ಖರ್ಚು. ಇವರು ದಿನದ ಲೆಕ್ಕದಲ್ಲಿ ಜೇಬಿನಿಂದಲೇ ಕಟ್ಟಿದ್ದರು. ನನ್ನನ್ನು ಕೇಳಿದರೆ ಅಲ್ಲಿಯ ಇನ್ನೊಂದು ತಿಂಗಳಿಗಿಂತ ಇಲ್ಲಿಯ ಆ ಒಂಬತ್ತು ದಿನ ಮುಖ್ಯವಾಗಿತ್ತು.

ಅಜ್ಜಿಯ ಈ ಸ್ಥಿತಿಗೆ ಡಾಕ್ಟರುಗಳು ಫ್ರೇಲ್ಟಿ ಅಂತಾರೆ. ನಮ್ಮ ಕಡೆ ನಿತ್ರಾಣ ಅನ್ನೋ ಮಾತಿದೆಯಲ್ಲ, ಅದೇ. 2001ರಲ್ಲಿ ಅಮೆರಿಕದ ಲಿಂಡಾ ಫ್ರೈಡ್ ಮತ್ತು ಜೊತೆಯವರು ಐದು ಗುರುತು ಹೇಳಿದರು: ಬೇಕಂತ ಅಲ್ಲದೆ ತೂಕ ಇಳಿಯೋದು, ಸುಸ್ತು, ಕೈಹಿಡಿತ ಸಡಿಲಾಗೋದು, ನಡಿಗೆ ನಿಧಾನವಾಗೋದು, ಓಡಾಟ ಕಡಿಮೆಯಾಗೋದು. ಮೂರಿದ್ದರೆ ಫ್ರೇಲ್. ಅಜ್ಜಿಗೆ ಐದೂ ಇತ್ತು. 52 ಕೆಜಿ ಇದ್ದವರು 45ಕ್ಕೆ ಇಳಿದಿದ್ದರು. ನನ್ನ ಎರಡು ಬೆರಳು ಕೊಟ್ಟು ಹಿಸುಕಿ ಅಂದರೆ, ಹಿಸುಕಿದ್ದು ನನಗೆ ಗೊತ್ತೇ ಆಗಲಿಲ್ಲ.

ಮನೆಯವರದ್ದು ಪ್ರೀತಿಯೇ. ಏಳೋಕೆ ಬಿಡುತ್ತಿರಲಿಲ್ಲ, ಅಷ್ಟೇ. ನಾನೊಂದು ವಿಷಯ ಹೇಳಿದೆ. 2007ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನೇ 10 ದಿನ ಹಾಸಿಗೆ ಬಿಟ್ಟು ಏಳದ ಹಾಗೆ ಇರಿಸಿದ್ದರು. ಕಾಲಿನ ಮಾಂಸ ಸುಮಾರು ಒಂದು ಕೆಜಿ ಕರಗಿತ್ತು. ಒಂದು ಕೆಜಿ ಅಂದರೆ ಎಷ್ಟು ಅಂತ ಮಗನಿಗೆ ಗೊತ್ತು, ಭಾನುವಾರ ತರುತ್ತಾರಲ್ಲ. ಸುಮ್ಮನಾದರು.

ಪೂರ್ತಿ ಭಾರ ಹಾಕಬಹುದು ಅಂತ ಸರ್ಜನ್ ಬರೆದಿದ್ದರು. ಹಾಗಾಗಿ ಶುರು ಮಾಡಿದೆ. ನಡುಮನೆಯಲ್ಲಿ ಸೀಮೆಸುಣ್ಣದಿಂದ ನಾಲ್ಕು ಮೀಟರ್ ಗುರುತು ಹಾಕಿ ನಡೆಸಿದೆ. 11 ಸೆಕೆಂಡ್. ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆ ಆದರೆ ನಿಧಾನ ಅಂತ ಲೆಕ್ಕ, ಇವರದ್ದು ಅದರ ಅರ್ಧಕ್ಕೂ ಬರಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಿ ಅಂದೆ. ‘ಬುಡವ್ವ, ನಂಗಾಗಕಿಲ್ಲ’ ಅಂದರು. ನಿಜವಾಗಿಯೂ ಆಗಲಿಲ್ಲ. ಸೊನ್ನೆ.

ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೂರನ್ನು ಒಂದರೊಳಗೊಂದು ಕೂರಿಸಿ ಗೋಡೆಗೆ ಒತ್ತಿಟ್ಟೆ. ಕುರ್ಚಿಗೊಂದಿಷ್ಟು ಎತ್ತರ ಜಾಸ್ತಿ ಆಗುತ್ತದೆ. ಎತ್ತರ ಇದ್ದಷ್ಟೂ ತೊಡೆಗೆ ಕೆಲಸ ಕಡಿಮೆ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ಹಾಗೆ ಬಾಗಿ, ಆಮೇಲೆ ಏಳೋದು. ಬಹಳ ಜನ ಬಾಗೋದೇ ಇಲ್ಲ. ಬೀಳ್ತೀನಿ ಅನ್ನೋ ಭಯಕ್ಕೆ ಹಿಂದಕ್ಕೇ ವಾಲುತ್ತಾರೆ, ಅಲ್ಲೇ ಕೆಡುತ್ತದೆ. ನಾನು ಎದುರಿಗೆ ಮಣೆ ಹಾಕಿ ಕೂತು, ‘ನನ್ನ ಕಿವೀಲಿ ಗುಟ್ಟು ಹೇಳಿ’ ಅಂದೆ. ಬಾಗಿದರು. ಎದ್ದರು. ಮೂರು ಕುರ್ಚಿ ಎತ್ತರದಿಂದ ಎರಡು ಸಲ.

ದಿನಕ್ಕೆ ನಾಲ್ಕು ಹೊತ್ತು ಇದನ್ನು ಮಾಡಿಸಿದ್ದು ಸೊಸೆ. ನಾನು ಹೋಗುತ್ತಿದ್ದದ್ದು ವಾರಕ್ಕೆ ಎರಡೇ ಸಲ. ಅವರು ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಅತ್ತೆ ಎದ್ದ ಲೆಕ್ಕ.

ಊಟದ್ದೇ ದೊಡ್ಡ ಪಂಚಾಯ್ತಿ. ‘ಜೀರ್ಣ ಆಗಲ್ಲ’ ಅಂತ ಮೂರು ಹೊತ್ತೂ ಗಂಜಿ. ಕಾಯಿಲೆಯಿಂದ ಎದ್ದ ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಇವರಿಗೆ ಕಡಿಮೆ ಅಂದರೂ 55 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ, ಅದಕ್ಕೇ ರಕ್ತಪರೀಕ್ಷೆ ಚೀಟಿ ಡಾಕ್ಟರಿಗೆ ತೋರಿಸಿಯೇ ಮುಂದೆ ಹೋಗಿದ್ದು. ಮನೆಯಲ್ಲಿ ಎರಡು ಹಸು, ಆದರೆ ಹಾಲೆಲ್ಲಾ ಡೈರಿಗೆ. ಎರಡು ಲೋಟ ನಿಲ್ಲಿಸಿಕೊಳ್ಳಿ ಅಂದೆ. ಮೊಟ್ಟೆಗೆ ಸೋಮವಾರ, ಶನಿವಾರ ರಜಾ. ಆ ದಿನ ಹೆಸರುಕಾಳು ಉಸ್ಲಿ, ಹುರುಳಿಕಾಳು ಸಾರು, ಕಾಳು ಸಮೇತ. ಇನ್ನೊಂದು ತಮಾಷೆ. ಮೂಳೆ ಕೂಡಲಿ ಅಂತ ವಾರವಾರ ಕಾಲು ಸೂಪ್ ಮಾಡುತ್ತಿದ್ದರು. ರಸ ಅಜ್ಜಿಗೆ, ಮಾಂಸ ಮಗನ ತಟ್ಟೆಗೆ. ಪ್ರೋಟೀನ್ ಜಾಸ್ತಿ ಇರೋದು ಮಾಂಸದಲ್ಲಿ ಕಣಪ್ಪ ಅಂದಾಗ ಅಜ್ಜಿ ಮೊದಲ ಸಲ ನಕ್ಕರು.

ನಾಲ್ಕನೇ ವಾರಕ್ಕೆ ಒಂದು ಕುರ್ಚಿ ತೆಗೆದೆವು. 30 ಸೆಕೆಂಡಿನಲ್ಲಿ ಐದು ಸಲ ಎದ್ದರು. ನಾನು ಉಬ್ಬಿಹೋದೆ.

ಐದನೇ ವಾರ ಬೆಳಗಿನ ಜಾವ ನಾಲ್ಕಕ್ಕೆ ಮೂತ್ರಕ್ಕೆ ಎದ್ದವರು ತಲೆ ತಿರುಗಿ ಗೋಡೆಗೂ ಮಂಚಕ್ಕೂ ನಡುವೆ ಕುಸಿದರು. ಮೂಳೆಗೆ ಏನೂ ಆಗಲಿಲ್ಲ, ಮೊಣಕೈ ತರಚಿತ್ತು. ಅವತ್ತು ಮಲಗಿಸಿ ಬಿ.ಪಿ. ನೋಡಿದೆ, ಮೇಲಿನ ಅಂಕಿ 130. ನಿಲ್ಲಿಸಿ ಎರಡು ನಿಮಿಷಕ್ಕೆ ನೋಡಿದೆ, 102. ನಿಂತ ಮೂರು ನಿಮಿಷದೊಳಗೆ 20 ಇಳಿದರೇ ಹುಷಾರಾಗಬೇಕು, ಇಲ್ಲಿ 28. ತೂಕ ಏಳು ಕೆಜಿ ಇಳಿದಿದ್ದರೂ ಬಿ.ಪಿ. ಮಾತ್ರೆ ಹಳೇ ಲೆಕ್ಕದಲ್ಲೇ ನಡೆಯುತ್ತಿತ್ತು. ಇದನ್ನು ನಾನು ಮೊದಲ ದಿನವೇ ನೋಡಬೇಕಿತ್ತು. ಮಿಷನ್ ಬ್ಯಾಗಿನಲ್ಲೇ ಇತ್ತು. ಕೂತಾಗ ನೋಡಿ, ಸರಿ ಇದೆ ಅಂತ ಬರೆದುಕೊಂಡು ಬರುತ್ತಿದ್ದೆ. ಕಾಲಿನ ಮೇಲೇ ಇತ್ತು ನನ್ನ ಕಣ್ಣು.

ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಮಂಚದ ಅಂಚಿನಲ್ಲಿ ಕೂತು ಇಪ್ಪತ್ತು ಸಲ ಪಾದ ಆಡಿಸಿ ಆಮೇಲೆ ಏಳೋದು ಅಂತ ಮಾಡಿದೆವು. ರಾತ್ರಿಗೆ ಮಂಚದ ಪಕ್ಕವೇ ಕಮೋಡ್ ಕುರ್ಚಿ, ಒಂದು ಸಣ್ಣ ದೀಪ. ಆದರೆ ಭಯಕ್ಕೆ ಮಾತ್ರೆ ಎಲ್ಲಿ ತರೋದು? ತೆಗೆದ ಕುರ್ಚಿ ಮತ್ತೆ ಹಾಕಬೇಕಾಯ್ತು. ‘ಎದ್ದು ಏನ್ ಮಾಡ್ಬೇಕವ್ವ ನಾನು?’ ಅಂತ ಹತ್ತು ದಿನ ನನ್ನ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಬಂದಿದ್ದು ಅವರೆಕಾಯಿಯಿಂದ. ಡಿಸೆಂಬರ್, ಸೊಗಡು ಮನೆ ತುಂಬಿತ್ತು. ಸೊಸೆ ಹೊರಗೆ ಜಗಲಿಯಲ್ಲಿ ನೆರೆಮನೆಯವರ ಜೊತೆ ಕಾಯಿ ಸುಲಿಯುತ್ತಿದ್ದರು. ಒಳಗಿಂದ ಅಜ್ಜಿ, ‘ಬಲ್ತಿರೋದೆಲ್ಲಾ ಒಟ್ಗೆ ಹಾಕ್ತಾವಳೆ ನೋಡು’ ಅಂತ ಗೊಣಗಿದರು. ಹೋಗಿ ನೀವೇ ಆರಿಸಿ ಅಂದೆ. ಹೊಸ್ತಿಲ ಎರಡೂ ಕಡೆ ಮಗ ಹಲಗೆಯ ಇಳಿಜಾರು ಹೊಡೆಸಿದ್ದರು, ಚೌಕಟ್ಟಿಗೊಂದು ಹಿಡಿ. ಅವತ್ತು ದಾಟಿದರು. ಜಗಲಿ ಮೇಲೆ ಎರಡು ಕುರ್ಚಿ ಹಾಕಿ ಕೂರಿಸಿದೆವು. ಆಮೇಲೆ ದಿನಾ ಅಲ್ಲೇ. ನೆನೆಸಿದ ಕಾಳು ಹಿತುಕೋಕೆ ಕೊಟ್ಟೆವು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಪುಳಕ್ ಅಂತ ಹಾರಬೇಕು. ಮೊದಲ ದಿನ ಹತ್ತು ಕಾಳಿಗೇ ಕೈ ಸೋತಿತು. ಸಂಕ್ರಾಂತಿ ಹೊತ್ತಿಗೆ ಒಂದು ಸೇರು ಮುಗಿಸುತ್ತಿದ್ದರು. ನನ್ನ ಬೆರಳು ಹಿಸುಕಿಸಿಕೊಳ್ಳೋದನ್ನು ನಿಲ್ಲಿಸಿದೆ, ನೋವಾಗುತ್ತಿತ್ತು.

ಹತ್ತನೇ ವಾರದ ಲೆಕ್ಕ: ನಾಲ್ಕು ಮೀಟರ್ ಆರೂವರೆ ಸೆಕೆಂಡ್. ಒಂದೇ ಕುರ್ಚಿಯಿಂದ 30 ಸೆಕೆಂಡಿಗೆ ಏಳು ಸಲ. ಆ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಅಂದರೆ ಇನ್ನೂ ಕಡಿಮೆಯೇ. ತೂಕ 47. ಮುರಿಯೋಕೆ ಮುಂಚಿನ ಅಜ್ಜಿ ಅಲ್ಲ, ಗದ್ದೆ ಬದುವಿನ ಮೇಲೆ ಇನ್ನು ನಡೆಯಲಾರರು ಅನ್ನಿಸುತ್ತದೆ. ವಾಕರನ್ನೂ ಬಿಡಿಸಿಲ್ಲ. ಹಿತ್ತಲಿಗೆ ಒಬ್ಬರೇ ಹೋಗಬೇಡಿ ಅಂತ ಹೇಳಿಟ್ಟಿದ್ದೇನೆ. ಅಜ್ಜಿ ತಲೆ ಆಡಿಸುತ್ತಾರೆ. ಅವರ ಬೆನ್ನ ಹಿಂದೆ ನಿಂತ ಸೊಸೆ, ‘ಹೋಗ್ತಾರೆ’ ಅಂತ ಕಣ್ಣಲ್ಲೇ ಚಾಡಿ ಹೇಳುತ್ತಾರೆ.