ಚೀನಾದ ಹೈಸ್ಕೂಲ್ ಪ್ರೇಮಕಥೆಯನ್ನು ನಾನು ನೋಡಿದ ಬಗೆ

'ಎ ಲವ್ ಸೋ ಬ್ಯೂಟಿಫುಲ್' 2017ರಲ್ಲಿ ಬಂದ ಚೀನೀ ಧಾರಾವಾಹಿ. ಓದಿನಲ್ಲಿ ಹಿಂದಿರುವ, ಸದಾ ಗಲಗಲ ಅನ್ನುವ ಹುಡುಗಿ ಚೆನ್ ಶಿಯಾವ್‌ಶಿ. ನೆರೆಮನೆಯ ಹುಡುಗ ಜಿಯಾಂಗ್ ಚೆನ್ ಕ್ಲಾಸಿಗೇ ಜಾಣ. ನಗುವುದಕ್ಕೂ ಲೆಕ್ಕ ಹಾಕುವ ಜಾತಿ. ಅವಳು ಹಿಂದೆ ಬೀಳುತ್ತಾಳೆ, ಅವನು ಮುಖ ತಿರುಗಿಸುತ್ತಾನೆ. ಕಥೆ ಹೆಚ್ಚುಕಡಿಮೆ ಇಷ್ಟೇ.

ಮೊದಲ ತೊಡಕು ಹೆಸರಿನದು. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಹುಡುಗಿಯ ಮನೆತನ ಚೆನ್, ಹುಡುಗನ ಸ್ವಂತ ಹೆಸರೂ ಚೆನ್! ಅದಕ್ಕೇ ಸಬ್‌ಟೈಟಲ್ ಜೊತೆಗೆ ಕಿವಿಯನ್ನೂ ಕೊಟ್ಟೆ. ಅವನು ಅವಳನ್ನು ಪೂರ್ತಿ ಹೆಸರು ಹಿಡಿದೇ ಕೂಗುತ್ತಾನೆ. ಅದರಲ್ಲಿ ಗದರಿಕೆ ಎಷ್ಟು, ಅಕ್ಕರೆ ಎಷ್ಟು ಅಂತ ಕೆಲವು ಕಂತು ಕಳೆದ ಮೇಲೆ ದನಿಯಲ್ಲೇ ತಿಳಿಯುತ್ತೆ.

ಆಮೇಲೆ ಅಲ್ಲಿನ ಶಾಲೆಗಳ ಬಗ್ಗೆ ಸ್ವಲ್ಪ ಓದಿಕೊಂಡೆ. ಮಜಾ ಬಂದಿದ್ದೇ ಆಗ. ಚೀನಾದಲ್ಲಿ ಹೈಸ್ಕೂಲಿನ ಕೊನೆಯ ಮೂರು ವರ್ಷ 'ಗಾವ್‌ಕಾವ್' ಪರೀಕ್ಷೆಗಾಗಿಯೇ ಮೀಸಲು. ಪ್ರತಿವರ್ಷ ಜೂನ್ 7ರ ಹೊತ್ತಿಗೆ ಶುರು. ಯಾವ ಯೂನಿವರ್ಸಿಟಿ ಸಿಗುತ್ತೆ ಅನ್ನುವುದು ಬಹುತೇಕ ಆ ಅಂಕಗಳ ಮೇಲೆ ನಿಂತಿದೆ. ನಮ್ಮ ಪಿಯುಸಿ, ಸಿಇಟಿ ಎರಡನ್ನೂ ಒಂದೇ ಮೂಟೆ ಕಟ್ಟಿ ತಲೆ ಮೇಲೆ ಹೊರಿಸಿದ ಹಾಗೆ. ಕತ್ತಲಾದ ಮೇಲೂ ಕ್ಲಾಸಿನಲ್ಲೇ ಕೂತು ಓದಬೇಕು. ಹುಡುಗರಿಗೂ ಹುಡುಗಿಯರಿಗೂ ಅದೇ ದೊಗಳೆ ಟ್ರ್ಯಾಕ್‌ಸೂಟ್ ಯೂನಿಫಾರ್ಮ್. ಈ ವಯಸ್ಸಿನಲ್ಲಿ ಪ್ರೀತಿ ಅಂದರೆ ಮೇಷ್ಟ್ರಿಗೂ ಅಪ್ಪ ಅಮ್ಮನಿಗೂ ಗಾಬರಿ. ಹೀಗಿರುವಾಗ ಬಾಯಿಬಿಟ್ಟು ಹೇಳುವುದು ಎಲ್ಲಿಂದ? ಬಿಡಿಸಲಾಗದ ಲೆಕ್ಕ ಹೇಳಿಕೊಡುವುದೇ ಪ್ರೇಮಪತ್ರ. ಹೀರೋ ಮುಖ ಬಿಟ್ಟು ಡೆಸ್ಕ್ ಮೇಲಿನ ಕೈಗಳನ್ನು ನೋಡತೊಡಗಿದೆ. ಸುಮ್ನೆ ಎಳೆದ ಹಾಗಿದ್ದ ದೃಶ್ಯಗಳೂ ಹಿಡಿಸಿದವು.

ಹಾಗಂತ ಎಲ್ಲವನ್ನೂ ಒಪ್ಪಲಿಲ್ಲ. ಜಿಯಾಂಗ್ ಚೆನ್ ಕೆಲವು ಕಡೆ ಗಂಭೀರ ಅಲ್ಲ, ಬರೀ ಒರಟ. ನನ್ನ ಓಟು ಈಜುಗಾರ ವೂ ಬೋಸೊಂಗ್‌ಗೆ. ಶಿಯಾವ್‌ಶಿಯನ್ನು ಇಷ್ಟಪಟ್ಟೂ ಸತಾಯಿಸದ ಹುಡುಗ ಅವನು. ಶಿಯಾವ್‌ಶಿ ಪಾತ್ರದ ನಟಿ ಶೆನ್ ಯುಯೆ ಇಲ್ಲದಿದ್ದರೆ ಈ ಧಾರಾವಾಹಿ ನಿಲ್ಲುತ್ತಲೇ ಇರಲಿಲ್ಲ. ಪೆಚ್ಚುಮೋರೆ ಹಾಕಿದಾಗಲೂ ಅವಳು ಅಳುಮುಂಜಿ ಅನಿಸುವುದಿಲ್ಲ. ಶಾಲೆ ಮುಗಿದು ಜಿಯಾಂಗ್ ಚೆನ್ ಡಾಕ್ಟರ್ ಆದ ಮೇಲಿನ ಭಾಗ ಮಾಮೂಲಿ. ಅಲ್ಲಿ ಒಂದೊಂದು ಕಡೆ ಓಡಿಸಿದೆ.

2020ರಲ್ಲಿ ಕೊರಿಯನ್ನರೂ ಇದನ್ನು ಮತ್ತೆ ತೆಗೆದಿದ್ದಾರೆ. ನಾನು ಅದಕ್ಕೆ ಕೈ ಹಾಕದೆ, 2016ರ ಚೀನೀ ಧಾರಾವಾಹಿ 'ವಿತ್ ಯು' ಶುರು ಮಾಡಿದೆ. ಅದರಲ್ಲಿ ಹುಡುಗ ಹುಡುಗಿ ಅಕ್ಕಪಕ್ಕದ ಡೆಸ್ಕಿನವರು. ಶಾಲೆಯ ದಿನಚರಿ ಇಷ್ಟವಾದವರಿಗೆ ಅದು ಇನ್ನೂ ಜಾಸ್ತಿ ಹಿಡಿಸುತ್ತೆ.