ಪಕ್ಕದಲ್ಲಿ ನಿಂತು ನೋಡಿ ಅಂಕ ಕೊಡುವುದು: ನನ್ನ ಅನುಭವ

ವೈದ್ಯಕೀಯ ವಿದ್ಯಾರ್ಥಿಗಳ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ಕಲಿಯುವ ಸರದಿ, ಮುಗಿಯುವ ಹೊತ್ತಿಗೆ ಮೌಲ್ಯಮಾಪನದ ಹಾಳೆ ನಮ್ಮ ಶಿಕ್ಷಕರ ಮೇಜಿಗೆ ಬರುತ್ತದೆ. ರೋಗಿಯ ಜೊತೆ ಮಾತು, ಪರೀಕ್ಷೆ ಮಾಡುವ ಕ್ರಮ, ತೀರ್ಮಾನ, ನಡವಳಿಕೆ, ಎಲ್ಲದಕ್ಕೂ ಅಂಕ ತುಂಬಬೇಕು. ಆದರೆ ಆ ವಿದ್ಯಾರ್ಥಿ ರೋಗಿಯನ್ನು ಮುಟ್ಟಿ ನೋಡುವುದನ್ನು ಯಾರಾದರೂ ನಿಂತು ನೋಡಿರುತ್ತಾರಾ? ಎಷ್ಟೋ ಸಲ ಇಲ್ಲ. ರೌಂಡ್ಸ್‌ನಲ್ಲಿ ಕೇಸ್ ಚೆನ್ನಾಗಿ ಹೇಳುತ್ತಾನೆ, ಕೇಳಿದ್ದಕ್ಕೆ ಪಟಪಟ ಉತ್ತರ ಕೊಡುತ್ತಾನೆ, ಅಷ್ಟಕ್ಕೇ ಮೇಲಿಂದ ಕೆಳಗಿನವರೆಗೆ ಎಲ್ಲಾ ಕಾಲಮ್ಮಿಗೂ ಒಂದೇ ಥರದ ಅಂಕ ಬಿದ್ದಿರುತ್ತದೆ.

ನನಗೆ ಇದು ಸರಿ ಕಾಣಲಿಲ್ಲ. ಹಾಗಾಗಿ ವಾರ್ಡಿನಲ್ಲಿ ಮಿನಿ-ಸಿಇಎಕ್ಸ್ ಶುರು ಮಾಡಿದೆ, ಅಂದರೆ ವಿದ್ಯಾರ್ಥಿ ರೋಗಿಯನ್ನು ನೋಡುವುದನ್ನು ನೇರವಾಗಿ ಗಮನಿಸಿ ಅಂಕ ಕೊಡುವ ಚಿಕ್ಕ ಪರೀಕ್ಷೆ. ಜಾನ್ ನಾರ್ಸಿನಿ ಮತ್ತು ಜೊತೆಗಾರರು 1995ರಲ್ಲಿ ಇದರ ಬಗ್ಗೆ ಬರೆದರು. ಕ್ರಮ ಸರಳ. ವಿದ್ಯಾರ್ಥಿ ನಿಜವಾದ ರೋಗಿಯ ಹತ್ತಿರ ಒಂದು ಕೆಲಸ ಮಾಡುತ್ತಾನೆ, ನಾವು ಸುಮಾರು 15–20 ನಿಮಿಷ ಪಕ್ಕದಲ್ಲಿ ಸುಮ್ನೆ ನಿಂತು ನೋಡುತ್ತೇವೆ, ಆಮೇಲೆ ಐದಾರು ನಿಮಿಷ ಕೂತು ಮಾತಾಡುತ್ತೇವೆ. ಅಂಕದ ಅಳತೆ 1ರಿಂದ 9. ರೋಗಿಯನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯುತ್ತೇನೆ. ಅವರು ಬೇಡ ಅಂದರೆ ಅಲ್ಲಿಗೆ ಬಿಟ್ಟೆ.

ನಿಂತು ನೋಡಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಓದಿನಲ್ಲಿ ಮುಂದಿದ್ದ ಒಬ್ಬ ವಿದ್ಯಾರ್ಥಿನಿ ಹೊಟ್ಟೆಯ ಪರೀಕ್ಷೆ ಮಾಡುತ್ತಿದ್ದಳು. ಕೈ ಬೆಚ್ಚಗೆ ಮಾಡಿಕೊಂಡಳು, ನೋವಿಲ್ಲದ ಕಡೆಯಿಂದ ಶುರು ಮಾಡಿದಳು, ಎಲ್ಲಾ ಪುಸ್ತಕದಲ್ಲಿರುವ ಹಾಗೇ. ಬಲಗಡೆ ಕೆಳಗೆ ಒತ್ತಿದಾಗ ರೋಗಿಯ ಹುಬ್ಬು ಗಂಟಿಕ್ಕಿತು, ಕಾಲು ಸ್ವಲ್ಪ ಮೇಲೆ ಬಂತು. ಅವಳ ಕಣ್ಣು ಮಾತ್ರ ತನ್ನ ಕೈ ಮೇಲೇ ಇತ್ತು.

ಆಮೇಲೆ ಕೇಳಿದೆ, "ಒತ್ತಿದಾಗ ನೋವಿತ್ತಾ?"

"ಇಲ್ಲ ಸರ್, ಅವರು ಏನೂ ಹೇಳಲಿಲ್ಲ."

ರೌಂಡ್ಸ್‌ನಲ್ಲಿ ಇದೇ ಮಾತು "ಹೊಟ್ಟೆ ಮೆತ್ತಗಿದೆ, ನೋವಿಲ್ಲ" ಅಂತ ಬಂದಿದ್ದರೆ ನಾನು ನಂಬುತ್ತಿದ್ದೆ. ಹಾಳೆಯಲ್ಲಿ ಬರೆದದ್ದು ಒಂದೇ ಸಾಲು: ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು. "ಒಳ್ಳೆಯ ವಿದ್ಯಾರ್ಥಿನಿ, ಇನ್ನೂ ಓದಬೇಕು" ಅಂತ ಬರೆದರೆ ಅವಳಿಗೇನು ಉಪಯೋಗ, ಅಲ್ವಾ? ಮುಂದಿನ ಸಲ ನೋಡುವವರು ಈ ಸಾಲು ಓದಿಕೊಂಡೇ ಹೋಗುತ್ತಾರೆ.

ಒಂದು ಸಲ ನೋಡಿ ತೀರ್ಪು ಕೊಡಬಾರದು, ಇದನ್ನು ಒತ್ತಿ ಹೇಳುತ್ತೇನೆ. ಎದೆನೋವಿನ ರೋಗಿಯನ್ನು ಸೊಗಸಾಗಿ ನೋಡಿದವನು ತಲೆಸುತ್ತು ಅಂತ ಬಂದವರ ಮುಂದೆ ತಡವರಿಸಬಹುದು. ಕೇಸ್ ಬದಲಾದರೆ ಸಾಮರ್ಥ್ಯವೂ ಬೇರೆ ಥರ ಕಾಣುತ್ತದೆ. ನೋಡುವವರಲ್ಲೂ ಅಷ್ಟೇ, ಒಬ್ಬರು ಕೈ ಬಿಗಿ, ಇನ್ನೊಬ್ಬರು ಧಾರಾಳ. ಅದಕ್ಕೇ ಬೇರೆ ಬೇರೆ ರೋಗಿಗಳ ಹತ್ತಿರ, ಬೇರೆ ಬೇರೆ ಶಿಕ್ಷಕರು, ಪೋಸ್ಟಿಂಗ್ ಉದ್ದಕ್ಕೂ ಸ್ವಲ್ಪ ಸ್ವಲ್ಪ ನೋಡುವಂತೆ ಹಂಚಿಕೊಂಡೆವು. ನರ್ಸ್‌ಗಳ ಮಾತನ್ನೂ ಸೇರಿಸಿಕೊಂಡೆವು. ನಾವಿಲ್ಲದಾಗ ಈ ಮಕ್ಕಳು ಹೇಗಿರುತ್ತಾರೆ ಅನ್ನುವುದು ನಮಗಿಂತ ಜಾಸ್ತಿ ಗೊತ್ತಿರುವುದು ಅವರಿಗೆ.

ಆಸ್ಕಿ (OSCE, ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಕೊಟ್ಟು ನೋಡುವ ಪರೀಕ್ಷೆ) ಇದೆಯಲ್ಲ ಅಂತ ಕೇಳುವವರಿದ್ದಾರೆ. ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಪರಿಚಯಿಸಿದ ಆ ಪರೀಕ್ಷೆ ನನಗೂ ಬೇಕು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಮಯ, ಅದು ನ್ಯಾಯ. ಆದರೆ ಗಂಟೆ ಹೊಡೆದಾಗ ಸ್ಟೇಷನ್ ಬದಲಿಸುವ ಆ ಕೋಣೆಯಲ್ಲಿ ಗೊತ್ತಾಗುವುದು ಮಾಡಿ ತೋರಿಸಬಲ್ಲನಾ ಅನ್ನುವುದು. ವೈದ್ಯರ ಸಾಮರ್ಥ್ಯ ಅಳೆಯಲು ಜಾರ್ಜ್ ಮಿಲ್ಲರ್ 1990ರಲ್ಲಿ ಬರೆದ ನಾಲ್ಕು ಮೆಟ್ಟಿಲಲ್ಲಿ ಅದು ಮೂರನೆಯದು. ದಿನದ ಕೆಲಸದಲ್ಲಿ ಹಾಗೆ ಮಾಡುತ್ತಾನಾ ಅನ್ನುವ ನಾಲ್ಕನೆಯದಕ್ಕೆ ವಾರ್ಡಿಗೇ ಬರಬೇಕು.

ಈಗೀಗ ಅಂಕಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದೇ ಕೆಲಸಕ್ಕೆ ನಾಳೆ ಇವನೊಬ್ಬನನ್ನೇ ಬಿಡಬಹುದಾ, ನಾನು ಕರೆದರೆ ಸಿಗುವಷ್ಟು ದೂರದಲ್ಲಿರಬೇಕಾ, ಇಲ್ಲ ಪಕ್ಕದಲ್ಲೇ ನಿಲ್ಲಬೇಕಾ? 5 ಕೊಡಬೇಕಾ 6 ಕೊಡಬೇಕಾ ಅಂತ ತಿಣುಕಾಡುವ ಶಿಕ್ಷಕರು ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡುತ್ತಾರೆ.

ಫೇಲ್ ಮಾಡುವುದು ಈಗಲೂ ಕಷ್ಟವೇ. ಮನಸ್ಸು ಒಪ್ಪುವುದಿಲ್ಲ, ಮೇಲಿನವರು "ಆಧಾರ ಏನು" ಅಂತಾರೆ. ಈಗ ಬೇರೆ ಬೇರೆ ಕೈ ಬರಹದ ಹಾಳೆಗಳಿರುತ್ತವೆ. ಒಬ್ಬನ ಹಾಳೆಗಳಲ್ಲಿ ಮೂವರು ಶಿಕ್ಷಕರು ಬೇರೆ ಬೇರೆ ವಾರದಲ್ಲಿ ಒಂದೇ ಮಾತು ಬರೆದಿದ್ದರು: ಔಷಧಿಯ ಅಲರ್ಜಿ ಕೇಳಲಿಲ್ಲ. ಅವನನ್ನು ಪಾಸ್ ಮಾಡದೆ ಪೋಸ್ಟಿಂಗ್‌ನ ಅವಧಿ ಹೆಚ್ಚಿಸಿದೆವು. ಅವನನ್ನು ಕೂರಿಸಿ ಹಾಳೆಗಳನ್ನು ಮುಂದಿಟ್ಟಾಗ ಅವನೂ ವಾದ ಮಾಡಲಿಲ್ಲ, ಯಾವ ಕೇಸಿನಿಂದ ಶುರು ಮಾಡಲಿ ಅಂತ ಕೇಳಿದ.